ಕೆಟ್ಟ ಡಿವಿಡಿಯನ್ನು ಓದುವ ಬಗೆ

ಡಿವಿಡಿ ರೈಟ್ ಆಗುತ್ತಾ ಅರ್ಧಕ್ಕೇ ನಿಂತರೆ ಹೆಚ್ಚಿನವರು ಪರದೆಯ ಮೇಲೆ ಮೂಡಿದ ಸಂದೇಶವನ್ನು ಓದಿ ತಲೆ ಕೆರೆದುಕೊಳ್ಳುತ್ತಾರೆ. ಕೆಲಸದಲ್ಲಿ ಪಳಗಿದವರು ಡಿಸ್ಕನ್ನು ಹೊರತೆಗೆದು, ಅಂಚಷ್ಟೇ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡುತ್ತಾರೆ. ನೇರಳೆ ಛಾಯೆಯ ಆ ಮೈಮೇಲೆ ಬರೆದ ಭಾಗ ತುಸು ಬೇರೆ ಬಣ್ಣಕ್ಕೆ ತಿರುಗಿರುತ್ತದೆ. ಬರೆದ ಭಾಗವೂ ಬರೆಯದ ಭಾಗವೂ ಸೇರುವಲ್ಲಿ ಒಂದು ಉಂಗುರದ ಗೆರೆ. ಆ ಗೆರೆ ನಡುವಿನ ತೂತಿಗೆ ಹತ್ತಿರವಿದೆಯೋ, ಮಧ್ಯದಲ್ಲಿದೆಯೋ, ಹೊರ ಅಂಚಿಗೆ ತಾಗಿದೆಯೋ ಎಂಬುದರ ಮೇಲೆ ಅವರ ಮುಂದಿನ ಹುಡುಕಾಟ ನಿಂತಿರುತ್ತದೆ.

ಇದು ಅರ್ಥವಾಗಲು ಡಿಸ್ಕಿನ ಒಳಗೇನಿದೆ ಎಂದು ತಿಳಿಯಬೇಕು. ಒಂದೇ ತಟ್ಟೆಯಂತೆ ಕಾಣುವ ಡಿವಿಡಿ, ತಲಾ 0.6 ಮಿಲಿಮೀಟರ್ ದಪ್ಪದ ಎರಡು ಪಾಲಿಕಾರ್ಬೊನೇಟ್ ತಟ್ಟೆಗಳನ್ನು ಅಂಟಿಸಿ ಮಾಡಿದ್ದು. ನಡುವೆ ಬಣ್ಣದ ರಾಸಾಯನಿಕದ ತೆಳು ಲೇಪ, ಅದರ ಹಿಂದೆ ಬೆಳಕನ್ನು ಹಿಂತಿರುಗಿಸುವ ಲೋಹದ ಪದರ. ಲೇಪದ ಕೆಳಗೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಗೀರು. ಒಂದು ಸುತ್ತಿಗೂ ಇನ್ನೊಂದಕ್ಕೂ ಅಂತರ 0.74 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಬಿಡಿಸಿ ಚಾಚಿದರೆ ಸುಮಾರು 12 ಕಿಲೋಮೀಟರ್ ಉದ್ದ! ರೈಟರ್‌ನ ಕೆಂಪು ಲೇಸರ್ ಈ ಗೀರನ್ನು ಹಿಡಿದು ಹೋಗುತ್ತಾ ಬಣ್ಣದ ಲೇಪವನ್ನು ಕಾಯಿಸಿ ಕಲೆ ಮೂಡಿಸುತ್ತದೆ. ಅತಿ ಚಿಕ್ಕ ಕಲೆ 0.4 ಮೈಕ್ರಾನ್.

ಕೆಲಸ ಶುರುವಾಗುವ ಮುನ್ನವೇ ನಿಂತರೆ, ಅಥವಾ ಗೆರೆ ತೂತಿನ ಪಕ್ಕದಲ್ಲೇ ಇದ್ದರೆ, ಅನುಮಾನ ಮೊದಲು ಡಿಸ್ಕಿನ ಮೇಲೆ. ಖಾಲಿ ಡಿವಿಡಿ ಪೂರ್ತಿ ಖಾಲಿಯಲ್ಲ. ಅದನ್ನು ತಯಾರಿಸಿದವರ ಗುರುತು ಒಳ ಅಂಚಿನಲ್ಲಿ ಮೊದಲೇ ಅಚ್ಚಾಗಿರುತ್ತದೆ. ರೈಟರ್ ಆ ಗುರುತನ್ನು ಓದಿ, ತನ್ನ ಫರ್ಮ್‌ವೇರ್‌ನಲ್ಲಿ, ಅಂದರೆ ಯಂತ್ರದೊಳಗೇ ಕೂತಿರುವ ತಂತ್ರಾಂಶದಲ್ಲಿ, ಆ ಲೇಪಕ್ಕೆ ಎಷ್ಟು ಶಕ್ತಿ ಬೇಕು ಎಂದು ಹುಡುಕುತ್ತದೆ. ಆಮೇಲೆ, ದೋಸೆ ಹುಯ್ಯುವ ಮುಂಚೆ ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವ ಹಾಗೆ, ಪರೀಕ್ಷೆಗೆಂದೇ ಬಿಟ್ಟಿರುವ ಜಾಗದಲ್ಲಿ ಹಲವು ಶಕ್ತಿಗಳಲ್ಲಿ ಬರೆದು, ತಾನೇ ಓದಿ, ಸರಿಯಾದದ್ದನ್ನು ಆರಿಸಿಕೊಳ್ಳುತ್ತದೆ. ಯಾವುದೂ ಸರಿಹೋಗದಿದ್ದರೆ ಬರುವುದೇ ‘ಪವರ್ ಕ್ಯಾಲಿಬ್ರೇಶನ್ ಎರರ್’.

ಆಗ ಅನುಭವಿಗಳು ಮೊದಲು ಬೇರೆ ಕಾರ್ಖಾನೆಯ ಡಿಸ್ಕ್ ಹಾಕುತ್ತಾರೆ. ಬೇರೆ ಹೆಸರಿನದಲ್ಲ, ಬೇರೆ ಕಾರ್ಖಾನೆಯದು. ಡಬ್ಬಿಯ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರು ತಯಾರಿಸಿದ ಮಾಲು ಇರುವುದು ಈ ವ್ಯಾಪಾರದಲ್ಲಿ ಮಾಮೂಲು. ನಿಜ ಹೇಳುವುದು ಒಳಗಿನ ಗುರುತು ಮಾತ್ರ. ಇಮ್ಜ್‌ಬರ್ನ್‌ನಂಥ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಡಿಸ್ಕ್ ಬದಲಿಸಿದರೂ ಹಾಗೇ ಆದರೆ ಫರ್ಮ್‌ವೇರ್ ಹಳೆಯದೇ ಎಂದು ನೋಡಬೇಕು: ರೈಟರ್ ಹುಟ್ಟಿದ ಮೇಲೆ ಬಂದ ಲೇಪದ ವಿಷಯ ಅದಕ್ಕೆ ಗೊತ್ತಿರುವುದಿಲ್ಲ. ಇನ್ನೂ ಒಂದು ಚೆಂದದ ಪರೀಕ್ಷೆಯಿದೆ. ಡಿವಿಡಿಗೆ 650 ನ್ಯಾನೊಮೀಟರ್‌ನ ಲೇಸರ್, ಸಿಡಿಗೆ 780ರದು. ಸಿಡಿ ಸಲೀಸಾಗಿ ರೈಟ್ ಆಗಿ ಡಿವಿಡಿ ಮಾತ್ರ ಕೈಕೊಡುತ್ತಿದ್ದರೆ, ಆ ಕೆಂಪು ಲೇಸರ್ ಸೋತಿರಬಹುದು. ಸಿನಿಮಾ ಡಿಸ್ಕ್ ಚೆನ್ನಾಗಿಯೇ ಓಡುತ್ತದಲ್ಲ ಎಂದು ಮಾಲೀಕರು ವಾದಿಸುವುದುಂಟು. ಆದರೆ ಓದಲು ಬೇಕಾದ ಶಕ್ತಿಗಿಂತ ಬರೆಯಲು ಬೇಕಾದದ್ದು ಎಷ್ಟೋ ಪಟ್ಟು ಹೆಚ್ಚು.

ಗೆರೆ ಮಧ್ಯದಲ್ಲಿದ್ದು, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ಡಿಸ್ಕನ್ನು ಬಿಟ್ಟು ಕಂಪ್ಯೂಟರಿನ ಕಡೆ ತಿರುಗಬೇಕು. 16 ಪಟ್ಟು ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ 9,000ಕ್ಕೂ ಹೆಚ್ಚು ಸುತ್ತು ತಿರುಗುತ್ತಾ ಸೆಕೆಂಡಿಗೆ ಸುಮಾರು 22 ಮೆಗಾಬೈಟ್ ಕೇಳುತ್ತದೆ. ರೈಟರ್ ಕೈಯಲ್ಲಿರುವ ದಾಸ್ತಾನು, ಅಂದರೆ ಬಫರ್, ಸಾಮಾನ್ಯವಾಗಿ 2 ಮೆಗಾಬೈಟ್. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಸಾಲದು. ದಾಸ್ತಾನು ಬರಿದಾದರೆ ಒಂದು ಕಾಲದಲ್ಲಿ ಡಿಸ್ಕ್ ಕಸದಬುಟ್ಟಿಗೇ ಹೋಗುತ್ತಿತ್ತು. 2000ದಲ್ಲಿ ಸ್ಯಾನ್ಯೊ ಕಂಪನಿ ತಂದ ‘ಬರ್ನ್-ಪ್ರೂಫ್’ ಉಪಾಯದ ನಂತರ ಯಂತ್ರಗಳು ನಿಂತ ಜಾಗವನ್ನು ನೆನಪಿಟ್ಟು ಮುಂದುವರಿಯುವುದನ್ನು ಕಲಿತವು. ಹಾಗೆಂದು ಪದೇ ಪದೇ ನಿಂತು ಹೊರಡುವುದು ಒಳ್ಳೆಯ ಲಕ್ಷಣವೇನಲ್ಲ.

ವಿಂಡೋಸ್ ಎಕ್ಸ್‌ಪಿ ಇದ್ದ ಮನೆಗಳಲ್ಲಿ ಇದರ ಹಿಂದೆ ಒಂದು ವಿಚಿತ್ರ ಕಾರಣವಿರುತ್ತಿತ್ತು. ರೈಟರ್ ಜೊತೆಗಿನ ಸಾಗಾಟದಲ್ಲಿ ಆರು ತಪ್ಪುಗಳು ಕಂಡರೆ ವಿಂಡೋಸ್ ಹೇಳದೆ ಕೇಳದೆ ವೇಗದ ‘ಡಿಎಂಎ’ ವಿಧಾನವನ್ನು ಹಂತ ಹಂತವಾಗಿ ಇಳಿಸುತ್ತಾ ಕೊನೆಗೆ ‘ಪಿಐಒ’ ಎಂಬ ನಿಧಾನದ ವಿಧಾನಕ್ಕೆ ಬಂದುಬಿಡುತ್ತಿತ್ತು. ನಿನ್ನೆಯವರೆಗೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದದ್ದು ಇಂದು ಗಂಟೆ ಹಿಡಿಯುತ್ತದೆ, ಮೌಸ್ ಕೂಡ ತೆವಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ರೈಟರ್ ಜೋಡಿಸಿರುವ ಐಡಿಇ ಚಾನೆಲ್ ಅನ್ನು ತೆಗೆದುಹಾಕಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಎಲ್ಲ ಹೊಸದಾಗಿ ಗುರುತಾಗಿ ಸರಿಹೋಗುತ್ತದೆ. ಆತುರದವರು ಅಲ್ಲಿಗೇ ಬಿಡುತ್ತಾರೆ. ತಿಳಿದವರು ಅದಕ್ಕೆ ಮುಂಚೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಚಪ್ಪಟೆ ಕೇಬಲ್ ಸಡಿಲವಾಗಿದೆಯೇ, ಎಲ್ಲಾದರೂ ಮಡಿಚಿದೆಯೇ ಎಂದು ನೋಡುತ್ತಾರೆ. ಆ ಆರು ತಪ್ಪುಗಳು ಎಲ್ಲಿಂದಲೋ ಬಂದಿರಬೇಕಲ್ಲ.

ತಪ್ಪು ಎತ್ತಲಿನದು ಎಂದು ಬೇರ್ಪಡಿಸಲು ಇನ್ನೊಂದು ದಾರಿ, ಎಲ್ಲವನ್ನೂ ಮೊದಲು ಹಾರ್ಡ್ ಡಿಸ್ಕಿನಲ್ಲೇ ಒಂದು ‘ಇಮೇಜ್’ ಕಡತವಾಗಿ ಕಟ್ಟಿಕೊಳ್ಳುವುದು. ಅಲ್ಲೇ ಎಡವಿದರೆ ರೈಟರ್ ನಿರಪರಾಧಿ. ಫ್ಯಾಟ್32 ಮಾದರಿಯ ಡ್ರೈವ್ ಆಗಿದ್ದರೆ 4 ಜಿಬಿಯ ಗಡಿಯಲ್ಲಿ ಇಮೇಜ್ ನಿಂತುಬಿಡುತ್ತದೆ. ಒಂದೇ ಕಡತ ಅದಕ್ಕಿಂತ ದೊಡ್ಡದಾಗಲು ಅಲ್ಲಿ ಅವಕಾಶವಿಲ್ಲ. ಡಬ್ಬಿಯ ಮೇಲಿನ 4.7 ಜಿಬಿ ಕಂಪ್ಯೂಟರಿನ ಲೆಕ್ಕದಲ್ಲಿ ಸುಮಾರು 4.37 ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ಹೊರ ಅಂಚಿಗೆ ಬಂದು ಕೆಡುವುದು ಹೆಚ್ಚಾಗಿ ವೇಗದಿಂದ. 16 ಪಟ್ಟು ಎಂಬ ವೇಗ ಸಿಗುವುದೇ ಕೊನೆಯ ಸುತ್ತುಗಳಲ್ಲಿ. ತಟ್ಟೆಯ ಸಣ್ಣ ಡೊಂಕು ಹೆಚ್ಚಾಗಿ ಕಾಣುವುದೂ, ಬೆರಳಿನ ಜಿಡ್ಡು ಅಂಟುವುದೂ ಅಲ್ಲೇ. ವೇಗವನ್ನು ಎಂಟಕ್ಕೆ ಇಳಿಸಿ, ಕೊನೆಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟರೆ ಸಾಮಾನ್ಯವಾಗಿ ದಾಟುತ್ತದೆ. ವೇಗದ ಬರವಣಿಗೆಗೆಂದೇ ಮಾಡಿದ ಲೇಪವನ್ನು ತೀರಾ ನಿಧಾನವಾಗಿ ಬರೆಸಿದರೂ ಒಳ್ಳೆಯದಾಗುತ್ತದೆ ಎಂದೇನಿಲ್ಲ.

ಇದೆಲ್ಲದರಲ್ಲಿ ಕಷ್ಟದ ಭಾಗವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವ ತಾಳ್ಮೆ. ಡಿಸ್ಕ್, ವೇಗ, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿ ಗೆದ್ದವರಿಗೆ ಕಾರಣ ಸಿಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ. ಒಮ್ಮೆ ಮಾತ್ರ ಬರೆಯಬಲ್ಲ ಡಿಸ್ಕಿನಲ್ಲಿ ಪ್ರತಿ ಪ್ರಯೋಗಕ್ಕೂ ದುಡ್ಡು ಬೀಳುತ್ತದೆ. ಅದಕ್ಕೇ ಅನುಭವಿಗಳು ಅಳಿಸಿ ಬರೆಯುವ ‘ಆರ್‌ಡಬ್ಲ್ಯು’ ಡಿಸ್ಕ್ ಒಂದನ್ನು ಪರೀಕ್ಷೆಗೆಂದು ಇಟ್ಟುಕೊಳ್ಳುತ್ತಾರೆ. ಕೆಟ್ಟವನ್ನೂ ಎಸೆಯದೆ, ಯಾವ ಡಬ್ಬಿಯದು, ಎಷ್ಟು ವೇಗ ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದಿಡುತ್ತಾರೆ.

ಎಲ್ಲ ಸರಿಯಾಗಿ ಮುಗಿದು ಮನೆಯ ಪ್ಲೇಯರ್ ಮಾತ್ರ ‘ನೋ ಡಿಸ್ಕ್’ ಎನ್ನುವುದೂ ಉಂಟು. ಮದುವೆ ವಿಡಿಯೊ ಮಾಡಿಕೊಡುತ್ತಿದ್ದ ನಮ್ಮೂರುಗಳ ಸ್ಟುಡಿಯೊದವರಿಗೆ ಈ ದೂರು ಹೊಸದಲ್ಲ. ಕೊನೆಯಲ್ಲಿ ‘ಫೈನಲೈಸ್’ ಮಾಡಿ ಡಿಸ್ಕನ್ನು ಮುಚ್ಚದಿದ್ದರೆ, ಅಥವಾ ‘ವಿಡಿಯೊ_ಟಿಎಸ್’ ಎಂಬ ಫೋಲ್ಡರಿನೊಳಗೆ ಜೋಡಿಸದೆ ವಿಡಿಯೊ ಕಡತವನ್ನು ಹಾಗೇ ತುಂಬಿದರೆ ಹಳೆಯ ಪ್ಲೇಯರ್‌ಗೆ ದಾರಿ ತಿಳಿಯುವುದಿಲ್ಲ. ಎರಡೂ ಸರಿಯಿದ್ದು ಚಿತ್ರ ತಡವರಿಸಿದರೆ ಬರವಣಿಗೆಯ ಗುಣಮಟ್ಟವನ್ನೇ ಅಳೆಯಬೇಕು. ನೀರೊ ಕಂಪನಿಯ ಡಿಸ್ಕ್ ಪರೀಕ್ಷಿಸುವ ತಂತ್ರಾಂಶ ಬರವಣಿಗೆಯಲ್ಲಿನ ತಪ್ಪುಗಳ ನಕ್ಷೆ ಬಿಡಿಸುತ್ತದೆ. ‘ಪಿಐ’ ಎಂಬ ಬಗೆಯ ತಪ್ಪು ಎಂಟು ಬ್ಲಾಕ್‌ಗಳಿಗೆ 280 ಮೀರಬಾರದೆಂದು ನಿಯಮ. ಅಲ್ಲಿಯೂ ಪಾಸಾದ ಡಿಸ್ಕನ್ನು, ಬರೆದ ರೈಟರ್‌ನಲ್ಲಲ್ಲದೆ ಬೇರೊಂದು ಯಂತ್ರದಲ್ಲಿ ಕೊನೆಯವರೆಗೆ ಓಡಿಸಿ ನೋಡಿದ ಮೇಲೆಯೇ ಪಳಗಿದವರು ಹಾರ್ಡ್ ಡಿಸ್ಕಿನಲ್ಲಿದ್ದ ಇಮೇಜನ್ನು ಅಳಿಸುವುದು.