ನಿಮಗಿದು ಗೊತ್ತೆ? ರ‍್ಯಾಕೆಟ್‌ನ ತೂಕ ಎಲ್ಲಿ ಕೂತಿದೆ?

ಬ್ಯಾಡ್ಮಿಂಟನ್ ನಿಯಮಾವಳಿಯಲ್ಲಿ ಶಟಲ್‌ಕಾಕ್‌ಗೆ ತೂಕದ ಮಿತಿಯಿದೆ: 4.74ರಿಂದ 5.50 ಗ್ರಾಂ. ರ‍್ಯಾಕೆಟ್‌ಗೆ ಮಾತ್ರ ಅಂಥ ಮಿತಿಯೇ ಇಲ್ಲ! ಉದ್ದ 680 ಮಿ.ಮೀ., ಅಗಲ 230 ಮಿ.ಮೀ. ಮೀರಬಾರದು, ಅಷ್ಟೆ. ಎಷ್ಟು ತೂಕದ್ದು ಬೇಕೆಂಬುದು ಆಡುವವರಿಗೇ ಬಿಟ್ಟದ್ದು.

ರ‍್ಯಾಕೆಟ್ ಮೇಲೆ 3ಯು, 4ಯು, 5ಯು ಎಂದು ಬರೆದಿರುವುದನ್ನು ನೋಡಿರಬಹುದು. ಇಲ್ಲಿ ಅಂಕಿ ಹೆಚ್ಚಿದಷ್ಟೂ ತೂಕ ಕಡಿಮೆ. ಸಾಮಾನ್ಯವಾಗಿ 3ಯು ಎಂದರೆ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು 75ರಿಂದ 79.

ಆದರೆ ಕೈಗೆ ಹೆಚ್ಚು ತಿಳಿಯುವುದು ಆ ತೂಕ ಎಲ್ಲಿ ಕೂತಿದೆ ಎಂಬುದು. ಒಂದೇ ತೂಕದ ಎರಡು ರ‍್ಯಾಕೆಟ್‌ಗಳಲ್ಲಿ ತಲೆ ಭಾರವಾದದ್ದು ಸ್ಮ್ಯಾಷ್‌ಗೆ ಬಲ ಕೊಡುತ್ತದೆ. ತಲೆ ಹಗುರವಾದದ್ದು ನೆಟ್ ಬಳಿ, ಡಬಲ್ಸ್‌ನ ವೇಗದ ರಕ್ಷಣೆಯಲ್ಲಿ ಚುರುಕಾಗಿ ತಿರುಗುತ್ತದೆ. ಪರೀಕ್ಷೆ ಸುಲಭ. ರ‍್ಯಾಕೆಟ್ಟನ್ನು ತೋರುಬೆರಳ ಮೇಲೆ ಅಡ್ಡವಿಟ್ಟು, ಯಾವ ಕಡೆಗೂ ವಾಲದೆ ನಿಲ್ಲುವ ಜಾಗ ಹುಡುಕಿ. ಹಿಡಿಕೆಯ ತುದಿಯಿಂದ ಅಲ್ಲಿಗೆ ಅಳೆಯಿರಿ. 285 ಮಿ.ಮೀ.ಗಿಂತ ಕಡಿಮೆಯಿದ್ದರೆ ತಲೆ ಹಗುರ, 295 ದಾಟಿದರೆ ತಲೆ ಭಾರ ಎಂಬುದು ರೂಢಿಯ ಲೆಕ್ಕ. ಹಿಡಿಕೆಗೆ ಇನ್ನೊಂದು ಸುತ್ತು ಗ್ರಿಪ್ ಹಾಕಿದರೂ ಈ ಜಾಗ ಕೈಯತ್ತ ಸರಿಯುತ್ತದೆ!

ಹೊಸದಾಗಿ ಕಲಿಯುವವರು ಮೆಚ್ಚಿನ ಚಾಂಪಿಯನ್‌ನ ತಲೆಭಾರದ ರ‍್ಯಾಕೆಟ್‌ಗೆ ಮರುಳಾಗುವುದು ಬೇಡ. ಮಣಿಕಟ್ಟು, ಭುಜ ಪಳಗುವವರೆಗೆ ಸಮತೂಕದ 4ಯು ಅಥವಾ 5ಯು ಸಾಕು. ಕೊಳ್ಳುವ ಮುನ್ನ ಅಂಗಡಿಯಲ್ಲೇ ನಾಲ್ಕಾರು ಸಲ ಬೀಸಿ ನೋಡಿ.