ಉಪ್ಪುನೀರಿನ ತೊಟ್ಟಿಗೆ ಕಳೆಯಾಗುವ ಕಡಲಹೂವು: ಕಿತ್ತಷ್ಟೂ ಹೆಚ್ಚುವ ಜೀವಿಯ ನಿಯಂತ್ರಣ ಹೇಗೆ?

ಅಥಣಿ: ಜೇಕಿನ ಹುಲ್ಲನ್ನು ಮೇಲಿನಿಂದ ಕಿತ್ತರೆ ನೆಲದೊಳಗಿನ ಗಡ್ಡೆ ಮತ್ತೆ ಚಿಗುರುತ್ತದೆ ಎಂಬುದು ಕೃಷ್ಣಾ ತೀರದ ರೈತರಿಗೆ ತಿಳಿಯದ ಸಂಗತಿಯಲ್ಲ. ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಸಾಕುವ ಹವ್ಯಾಸಿಗಳಿಗೂ ಇಂಥದೇ ಒಂದು ಕಳೆ ಕಾಡುತ್ತದೆ. ಆದರೆ ಅದು ಸಸ್ಯವಲ್ಲ, ಪ್ರಾಣಿ. ಅದರ ಹೆಸರು ಐಪ್ಟೇಸಿಯಾ. ಕಡಲಹೂವು ಎಂದು ಕರೆಯಲಾಗುವ ಸೀ ಅನಿಮೋನಿಗಳ ಗುಂಪಿಗೆ ಸೇರಿದ ಈ ಜೀವಿಯನ್ನು ಕೈಯಿಂದ ಕಿತ್ತರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಏನಿದು ಐಪ್ಟೇಸಿಯಾ?

ಕಂದು ಬಣ್ಣದ, ಅರೆಪಾರದರ್ಶಕವಾದ ಪುಟ್ಟ ತೆಂಗಿನ ಮರದಂತೆ ಇದು ಕಾಣುತ್ತದೆ. ಕಲ್ಲಿನ ಸಂದಿಯಲ್ಲಿ ಬುಡವನ್ನು ಅಂಟಿಸಿಕೊಂಡು, ತುದಿಯಲ್ಲಿ ಉದ್ದನೆಯ ಗ್ರಹಣಾಂಗಗಳನ್ನು ಹರಡಿ ನಿಲ್ಲುತ್ತದೆ. ಆ ಗ್ರಹಣಾಂಗಗಳಲ್ಲಿ ಸೂಕ್ಷ್ಮವಾದ ಕುಟುಕು ಕೋಶಗಳಿದ್ದು, ಪಕ್ಕದ ಹವಳ ಹಾಗೂ ಇತರ ಜೀವಿಗಳನ್ನು ಕುಟುಕಿ ಹಿಂದೆ ಸರಿಯುವಂತೆ ಮಾಡುತ್ತವೆ. ಇದರ ದೇಹದೊಳಗೆ ವಾಸಿಸುವ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಆಶ್ರಯದಾತನಿಗೂ ನೀಡುತ್ತವೆ. ಹೀಗಾಗಿ ಮೀನಿನ ಆಹಾರ ನಿಲ್ಲಿಸಿದ ಮಾತ್ರಕ್ಕೆ ಇದು ಸಾಯುವುದಿಲ್ಲ.

ಮುಟ್ಟಿದೊಡನೆ ಇದು ಕ್ಷಣಾರ್ಧದಲ್ಲಿ ಸಂದಿಯೊಳಗೆ ಮುದುಡಿಕೊಳ್ಳುತ್ತದೆ. ಬಲವಾಗಿ ಎಳೆದರೆ ಬುಡದ ಚೂರುಗಳು ಕಲ್ಲಿನಲ್ಲೇ ಉಳಿದು, ಒಂದೊಂದು ಚೂರೂ ಹೊಸ ಜೀವಿಯಾಗಿ ಬೆಳೆಯಬಲ್ಲದು. ಬ್ಲೇಡಿನಿಂದ ಕತ್ತರಿಸುವುದು, ಬ್ರಷ್‌ನಿಂದ ಉಜ್ಜುವುದು, ಇಕ್ಕಳದಿಂದ ಜಜ್ಜುವುದು ಇದೇ ಕಾರಣಕ್ಕೆ ಸಲ್ಲದು.

ಸುಣ್ಣದ ಮದ್ದು

ಸಂಖ್ಯೆ ಕಡಿಮೆಯಿರುವಾಗ ಒಂದೊಂದನ್ನೂ ಇದ್ದಲ್ಲಿಯೇ ಕೊಲ್ಲುವುದು ಸೂಕ್ತ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ವಸ್ತು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಶುದ್ಧ ಸುಣ್ಣದ ಪುಡಿಯನ್ನು ಸ್ವಲ್ಪ ಶುದ್ಧೀಕರಿಸಿದ ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿಕೊಳ್ಳಬೇಕು. ತೊಟ್ಟಿಯ ಪಂಪುಗಳನ್ನು ನಿಲ್ಲಿಸಿ, ಸಿರಿಂಜಿನ ಮೂಲಕ ಜೀವಿಯ ಬಾಯಿಯ ಮೇಲೆ ಮೆಲ್ಲನೆ ಬಿಡಬೇಕು. ಅದು ಆಹಾರವೆಂದು ನುಂಗಿದರೆ ಸುಣ್ಣದ ಕ್ಷಾರಗುಣ ಒಳಗಿನಿಂದಲೇ ಸುಡುತ್ತದೆ.

ಒಂದೇ ದಿನ ಹೆಚ್ಚು ಸುಣ್ಣ ಬಳಸಿದರೆ ಇಡೀ ತೊಟ್ಟಿಯ ಕ್ಷಾರತೆ ಏರಿ ಮೀನುಗಳಿಗೇ ಕುತ್ತು ಬರಬಹುದು. ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮುಟ್ಟದಿರುವುದು ಲೇಸು. ಬಣ್ಣ, ಸುಗಂಧ ಬೆರೆತಿರಬಹುದಾದ ತಾಂಬೂಲದ ಸುಣ್ಣ ಇದಕ್ಕೆ ಯೋಗ್ಯವಲ್ಲ. ಕೈಗವಸು ಮತ್ತು ಕನ್ನಡಕ ಧರಿಸುವುದು ಅವಶ್ಯ.

ಜೀವಿಗೆ ಜೀವಿಯೇ ವೈರಿ

ಸಂಖ್ಯೆ ಹೆಚ್ಚಿದ್ದಾಗ ಭಕ್ಷಕ ಜೀವಿಗಳ ನೆರವು ಪಡೆಯಬಹುದು. ಪೆಪ್ಪರ್‌ಮಿಂಟ್ ಸೀಗಡಿ ಸಣ್ಣ ಐಪ್ಟೇಸಿಯಾಗಳನ್ನು ತಿನ್ನುತ್ತದೆ. ಆದರೆ ಎಲ್ಲ ಸೀಗಡಿಗಳೂ ತಿಂದೇ ತೀರುತ್ತವೆ ಎನ್ನಲಾಗದು. ನೋಡಲು ಅದರಂತೆಯೇ ಇರುವ ಒಂಟೆ ಸೀಗಡಿ ಹವಳದ ಜೀವಿಗಳನ್ನೇ ಕೀಳುವುದರಿಂದ ಕೊಳ್ಳುವಾಗ ಎಚ್ಚರ ಬೇಕು. ಬರ್ಗಿಯಾ ಎಂಬ ಕಡಲ ಗೊಂಡೆಹುಳು ಐಪ್ಟೇಸಿಯಾವನ್ನೇ ತಿಂದು ಬದುಕುತ್ತದೆ. ಅದು ಮುಗಿದ ಮೇಲೆ ಹಸಿವಿನಿಂದ ಸಾಯುತ್ತದೆ. ಉದ್ದ ಮೂತಿಯ ಕಾಪರ್‌ಬ್ಯಾಂಡ್ ಚಿಟ್ಟೆಮೀನು ಕೂಡ ಇದನ್ನು ತಿನ್ನುತ್ತದೆಯಾದರೂ ಆ ಮೀನನ್ನು ಸಾಕುವುದು ಅನುಭವಿಗಳಿಗೂ ಕಷ್ಟ.

ಕಲ್ಲು ಕುದಿಸಬೇಡಿ

ಕಲ್ಲನ್ನು ಹೊರತೆಗೆದು ಕುದಿಯುವ ನೀರಿಗೆ ಹಾಕುವ ಉಪಾಯ ಅತ್ಯಂತ ಅಪಾಯಕಾರಿ. ತೊಟ್ಟಿಯ ಕಲ್ಲಿನ ಮೇಲೆ ಬೆಳೆಯುವ ಜೊವಾಂಥಿಡ್ ಎಂಬ ಜೀವಿಗಳ ಕೆಲವು ಪ್ರಭೇದಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಕುದಿಸಿದಾಗ ಏಳುವ ಹಬೆಯೊಂದಿಗೆ ಅದು ಉಸಿರಾಟದ ಮೂಲಕ ದೇಹ ಸೇರಬಹುದು. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ಅವಧಿಯಲ್ಲಿ ಮನೆ ಹಾಗೂ ಅಂಗಡಿಗಳಲ್ಲಿ ಇಂಥ ಜೀವಿಗಳಿಂದ ಜನ ಅಸ್ವಸ್ಥರಾದ ಪ್ರಕರಣಗಳು ದಾಖಲಾಗಿವೆ. ಬೇಡವಾದ ಕಲ್ಲನ್ನು ಕುದಿಸದೆ, ಒಣಗಿರುವಾಗ ಕೆರೆಯದೆ ವಿಲೇವಾರಿ ಮಾಡುವುದೇ ಕ್ಷೇಮ.

ಬರುವುದೇ ಕಲ್ಲಿನ ಬೆನ್ನೇರಿ

ಐಪ್ಟೇಸಿಯಾ ಬಹುಪಾಲು ಮನೆ ಸೇರುವುದು ಸಮುದ್ರದಿಂದ ತೆಗೆದ ಜೀವಂತ ಕಲ್ಲಿನ ಮೂಲಕ. ಇಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ಅವುಗಳನ್ನು ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳಕ್ಕೂ ಈ ರಕ್ಷಣೆ ಅನ್ವಯಿಸುತ್ತದೆ.

ಆದ್ದರಿಂದ ಪಿಂಗಾಣಿ ಇಲ್ಲವೆ ಸಿಮೆಂಟಿನಿಂದ ಮಾಡಿದ ಒಣ ಕೃತಕ ಕಲ್ಲಿನಿಂದ ತೊಟ್ಟಿ ಆರಂಭಿಸಿದರೆ ಕಾನೂನಿನ ತೊಡಕೂ ಇಲ್ಲ, ಕಳೆಯೂ ಬಾರದು. ಇಂಥ ಕಲ್ಲಿನಲ್ಲಿ ನೀರು ಶುದ್ಧೀಕರಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಕೆಲವು ವಾರಗಳು ಬೇಕು, ಅಷ್ಟೆ. ಹೊಸದಾಗಿ ತಂದ ಯಾವುದೇ ಜೀವಿಯನ್ನು ಮೊದಲು ಬೇರೆ ತೊಟ್ಟಿಯಲ್ಲಿಟ್ಟು ಪರೀಕ್ಷಿಸಬೇಕು. ಮೀನುಗಳಿಗೆ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಉಳಿದ ಆಹಾರವೇ ಐಪ್ಟೇಸಿಯಾದ ಸಂತಾನಕ್ಕೆ ಗೊಬ್ಬರ.

ಹಳೆಯ ನೀರು ಎಲ್ಲಿಗೆ?

ಕಡಲಿನಿಂದ ದೂರವಿರುವ ಅಥಣಿಯಂಥ ಊರಿನಲ್ಲಿ ಸಮುದ್ರದ ನೀರನ್ನು ಉಪ್ಪಿನ ಪುಡಿಯಿಂದ ತಯಾರಿಸಿಕೊಳ್ಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೇಕಾಗುವುದರಿಂದ 200 ಲೀಟರಿನ ತೊಟ್ಟಿಗೆ 7 ಕೆ.ಜಿ. ತಗಲುತ್ತದೆ. ವಾರಕ್ಕೆ 20 ಲೀಟರ್ ನೀರು ಬದಲಿಸಿದರೆ ವರ್ಷಕ್ಕೆ 36 ಕೆ.ಜಿ.ಗೂ ಹೆಚ್ಚು ಉಪ್ಪು ಮನೆಯಿಂದ ಹೊರಬೀಳುತ್ತದೆ.

ಐಪ್ಟೇಸಿಯಾ ಸಿಹಿನೀರಿನಲ್ಲಿ ಬದುಕದು. ಅದು ಕೃಷ್ಣೆಯಲ್ಲಿ ಹರಡುವ ಭಯವಿಲ್ಲ. ಆದರೆ ಉಪ್ಪು ಎಲ್ಲಿಯೂ ಸಾಯುವುದಿಲ್ಲ. ಅತಿ ನೀರಾವರಿಯಿಂದ ಸವಳು-ಜವಳಾದ ಹೊಲಗಳ ಸಂಕಟವನ್ನು ಬಲ್ಲ ಈ ಭಾಗದಲ್ಲಿ ಆ ನೀರನ್ನು ಹಿತ್ತಲಿಗಾಗಲಿ, ಬಾವಿಯ ಬದಿಗಾಗಲಿ ಸುರಿಯುವುದು ತರವಲ್ಲ. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಸಿಲಿಗೆ ಇಟ್ಟು ನೀರನ್ನು ಇಂಗಿಸಿ, ಉಳಿದ ಉಪ್ಪನ್ನು ಒಣ ಕಸದೊಂದಿಗೆ ಕೊಡುವುದು ಸರಿಯಾದ ಕ್ರಮ.

ಐಪ್ಟೇಸಿಯಾ ಒಮ್ಮೆ ನೆಲೆಯೂರಿದ ಮೇಲೆ ಸಂಪೂರ್ಣ ನಿರ್ಮೂಲನೆ ಬಹಳ ಕಠಿಣ. ವಾರಕ್ಕೊಮ್ಮೆ ಕಲ್ಲಿನ ಸಂದಿಗಳನ್ನು ಪರೀಕ್ಷಿಸಿ, ಕಂಡದ್ದನ್ನು ಚಿಕ್ಕದಿರುವಾಗಲೇ ನಿವಾರಿಸುವ ತಾಳ್ಮೆಯೇ ಹವ್ಯಾಸಿಗೆ ಇರುವ ನಿಜವಾದ ಉಪಾಯ.