ಪುಲ್ಲಿಂಗಪ್ರಯೋಗದಲ್ಲಿ ಸ್ತ್ರೀಯು ಸೇರುವಳೆ?

ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡವನ್ನು ಬೋಧಿಸುವ ಉಪಾಧ್ಯಾಯಿನಿಯೊಬ್ಬರು, ತಮ್ಮ ಮಕ್ಕಳಿಗೆ ವ್ಯಾಕರಣವಿಷಯವಾಗಿ ಎರಡು ಮಾತು ಹೇಳಬೇಕೆಂದು ಕಳೆದ ವರ್ಷ ನನ್ನನ್ನು ಕರೆದಿದ್ದರು. ನಾನು ಶಿವಮೊಗ್ಗದಿಂದ ಹೋಗಿ, ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರತಕ್ಕ ಸಂಬಂಧವನ್ನು ವಿವರಿಸುತ್ತ, "ಉತ್ತಮ ವಿದ್ಯಾರ್ಥಿಯು ನಸುಕಿನಲ್ಲಿಯೇ ಏಳುತ್ತಾನೆ" ಎಂದು ಹಲಗೆಯ ಮೇಲೆ ಬರೆದೆನು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಈ ವಾಕ್ಯದಲ್ಲಿ ನಾನೂ ಸೇರಿದ್ದೇನೆಯೇ?" ಎಂದು ಕೇಳಿದಳು. "ಸೇರಿದ್ದೀಯೆ ತಾಯಿ, ಪುರುಷವಾಚಕವು ಸ್ತ್ರೀಯನ್ನೂ ಒಳಗೊಳ್ಳುತ್ತದೆಂದು ಪಾಣಿನಿಮಹರ್ಷಿಯ ಸೂತ್ರವೇ ಇದೆ" ಎಂದು ಕೂಡಲೆ ಉತ್ತರವಿತ್ತು ಕುಳಿತೆನು. ಹಿಂದಿರುಗುವಾಗ ಬಸ್ಸಿನಲ್ಲಿ ಆಲೋಚಿಸಿದಷ್ಟೂ ಆ ಉತ್ತರವು ಸಡಿಲವಾಗುತ್ತ ಬಂದಿತು. ಮೂವತ್ತು ವರ್ಷ ಪಾಠ ಹೇಳಿದವನು ಒಂದು ಮಗುವಿಗೆ ತಪ್ಪು ಹೇಳಿದೆನೆಂಬ ಸಂಕೋಚವೇ ಪ್ರಕೃತ ಲೇಖನಕ್ಕೆ ಕಾರಣ.

ನಾನು ನೆನೆದ ಸೂತ್ರವು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಎರಡನೆಯ ಪಾದದಲ್ಲಿ 67ನೆಯದು. ಪುರುಷವಾಚಕವನ್ನೂ ಸ್ತ್ರೀವಾಚಕವನ್ನೂ ಒಟ್ಟಿಗೆ ಹೇಳಬೇಕಾದಾಗ ಪುರುಷವಾಚಕವೊಂದೇ ಉಳಿಯುವುದೆಂದು ಅದರ ತಾತ್ಪರ್ಯ. ಬ್ರಾಹ್ಮಣನೂ ಬ್ರಾಹ್ಮಣಿಯೂ ಸೇರಿ 'ಬ್ರಾಹ್ಮಣೌ' ಎಂದಾಗುತ್ತದೆ. ಅದೇ ಪ್ರಕರಣದ 70ನೆಯ ಸೂತ್ರದಂತೆ ತಾಯಿತಂದೆಗಳು ವಿಕಲ್ಪದಿಂದ 'ಪಿತರೌ' ಆಗುತ್ತಾರೆ. ಇದಕ್ಕೆ ಏಕಶೇಷವೆಂದು ಹೆಸರು. ಆದರೆ ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಏಕಶೇಷದಲ್ಲಿ ಇಬ್ಬರೂ ವಕ್ತೃವಿನ ಮನಸ್ಸಿನಲ್ಲಿ ಮೊದಲೇ ಇದ್ದಾರೆ. ಶಬ್ದದಲ್ಲಿ ಒಬ್ಬರು ಲೋಪವಾದರೂ ದ್ವಿವಚನವು ಇಬ್ಬರನ್ನೂ ಎಣಿಸುತ್ತದೆ. 'ಪಿತರೌ' ಎಂಬಲ್ಲಿ ತಾಯಿಗೆ ಹೆಸರಿಲ್ಲದಿದ್ದರೂ ಲೆಕ್ಕದಲ್ಲಿ ಸ್ಥಾನವುಂಟು. ನನ್ನ ವಾಕ್ಯದಲ್ಲಿದ್ದುದು ಏಕವಚನ. ಅಲ್ಲಿ ಎದ್ದವನು ಒಬ್ಬನೇ, ಅವನು ಹುಡುಗ. ಹುಡುಗಿಯನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೇ ಇರಲಿಲ್ಲವಾದುದರಿಂದ, ಏಕಶೇಷದ ಆಶ್ರಯವನ್ನು ಬಯಸುವ ಹಕ್ಕು ನನಗಿರಲಿಲ್ಲ.

ಆ ಬಾಲಿಕೆಯ ಪ್ರಶ್ನೆಗೆ ನಿಜವಾದ ವಿಚಾರವು ನಡೆದಿರುವುದು ವ್ಯಾಕರಣದಲ್ಲಲ್ಲ, ಪೂರ್ವಮೀಮಾಂಸೆಯಲ್ಲಿ. ಸ್ವರ್ಗವನ್ನು ಬಯಸುವವನು ಯಾಗಮಾಡತಕ್ಕದ್ದೆಂಬ ವಿಧಿಯಲ್ಲಿ 'ಬಯಸುವವನು' ಎಂಬ ಪದವು ಪುಲ್ಲಿಂಗದಲ್ಲಿದೆ. ಹಾಗಾದರೆ ಸ್ತ್ರೀಗೆ ಯಾಗದಲ್ಲಿ ಅಧಿಕಾರವುಂಟೋ ಇಲ್ಲವೋ? ಜೈಮಿನಿಯು ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಈ ಸಂಶಯವನ್ನೆತ್ತಿ, ಐತಿಶಾಯನನೆಂಬ ಆಚಾರ್ಯನ ಪೂರ್ವಪಕ್ಷವನ್ನು ಹೇಳುತ್ತಾನೆ: ಪುಲ್ಲಿಂಗವನ್ನು ನಿರ್ದೇಶಿಸಿರುವುದರಿಂದ ಪುರುಷನಿಗೆ ಮಾತ್ರವೇ ಅಧಿಕಾರ. ಇದಕ್ಕೆ ಬಾದರಾಯಣನ ಮತವು ಉತ್ತರ: ಅಲ್ಲಿ ವಿವಕ್ಷಿತವಾದುದು ಬಯಸುವವರೆಂಬ ಜಾತಿ, ಲಿಂಗವಲ್ಲ; ಆದುದರಿಂದ ಸ್ತ್ರೀಯೂ ತೋರುತ್ತಾಳೆ. ಆಮೇಲೆ, ಸ್ತ್ರೀಗೆ ಸ್ವಂತ ಧನವಿಲ್ಲ, ಆಕೆಯೇ ಕ್ರಯವಸ್ತುವಿನಂತಿದ್ದಾಳೆ ಎಂಬ ಆಕ್ಷೇಪವನ್ನೂ ತಂದು, ಫಲವನ್ನು ಬಯಸುವುದರಲ್ಲಿ ಸ್ತ್ರೀಪುರುಷರಿಗೆ ಭೇದವಿಲ್ಲವೆಂದು ನಿರಾಕರಿಸಲಾಗಿದೆ. ಸಾಮಾನ್ಯಾರ್ಥದ ಪುಲ್ಲಿಂಗದಲ್ಲಿ ಸ್ತ್ರೀಯು ಸೇರುವಳೆ ಎಂಬ ಪ್ರಶ್ನೆಯನ್ನು ಈ ಕಾಲದ ಪಾಶ್ಚಾತ್ಯ ಭಾಷಾಶಾಸ್ತ್ರಜ್ಞರು ಹೊಸದೆಂಬಂತೆ ಚರ್ಚಿಸುತ್ತಿರುವುದನ್ನು ಕಂಡಾಗ, ನಮ್ಮವರು ಅದನ್ನು ಎಷ್ಟು ಹಿಂದೆಯೇ ಹಿಡಿದಿದ್ದರೆಂದು ಹೆಮ್ಮೆಯಾಗುತ್ತದೆ.

ಆದರೆ ಹೆಮ್ಮೆಯನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ. ಅದೇ ಪಾದದಲ್ಲಿ ಮುಂದೆ 24ನೆಯ ಸೂತ್ರಕ್ಕೆ ಬರುವಷ್ಟರಲ್ಲಿ, ಪತ್ನಿಯು ಮಾಡತಕ್ಕದ್ದು ಶ್ರುತಿಯಲ್ಲಿ ಆಕೆಗೆಂದು ಹೇಳಿರುವಷ್ಟನ್ನು ಮಾತ್ರವೆಂದು ಸಿದ್ಧವಾಗುತ್ತದೆ. ಕಾರಣವು, ಆಕೆ ಪುರುಷನಿಗೆ ಸಮಳಲ್ಲವೆಂಬುದು. ಹೇಗೆ ಸಮಳಲ್ಲವೆಂದರೆ, ಶಬರಸ್ವಾಮಿಯ ವಿವರಣೆಯಂತೆ, ಯಜಮಾನನು ವಿದ್ಯಾವಂತನು, ಪತ್ನಿಯು ವಿದ್ಯೆಯಿಲ್ಲದವಳು. ಶಬ್ದಾರ್ಥವಿಚಾರದಲ್ಲಿ ಗೆದ್ದ ಸ್ತ್ರೀಯು ಪಾಠಶಾಲೆಯ ಬಾಗಿಲಲ್ಲಿ ಸೋತಳು. ಆಕೆಗೆ ವಿದ್ಯೆಯೇಕಿಲ್ಲವೆಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿಲ್ಲ. ಪುಲ್ಲಿಂಗದಲ್ಲಿ ಸ್ತ್ರೀಯನ್ನು ಸೇರಿಸಿಕೊಂಡೆವೆಂದು ಹೇಳಿ ಸಮಾಧಾನಪಡುವವರು ಈ ಎರಡು ಸ್ಥಳಗಳನ್ನೂ ಜೊತೆಗಿಟ್ಟು ಓದಬೇಕೆಂದು ನನ್ನ ಅಭಿಪ್ರಾಯ.

ವಿದ್ಯೆಯೇ ಇರಲಿಲ್ಲವೆಂಬುದಾದರೂ ಸರ್ವಾಂಶದಲ್ಲಿ ನಿಜವೆ? ಪತಂಜಲಿಯ ಮಹಾಭಾಷ್ಯದಲ್ಲಿ ಕಾಶಕೃತ್ಸ್ನಿಯು ಹೇಳಿದ ಮೀಮಾಂಸೆಯನ್ನು ಅಧ್ಯಯನ ಮಾಡುವ ಬ್ರಾಹ್ಮಣಿಯ ಉದಾಹರಣೆಯಿದೆ. ಔದಮೇಘ್ಯೆಯೆಂಬ ಸ್ತ್ರೀಯ ಛಾತ್ರರನ್ನು ಹೇಳುವ ರೂಪವೂ ಇದೆ. ಇವು ವ್ಯಾಕರಣದ ಉದಾಹರಣೆಗಳೇ ಹೊರತು ಚರಿತ್ರೆಯಲ್ಲವೆನ್ನಬಹುದು. ಆದರೂ ಲೋಕದಲ್ಲಿ ಅರ್ಥವಾಗದ ಉದಾಹರಣೆಯನ್ನು ಭಾಷ್ಯಕಾರನು ಕೊಡುವನೆ? ಇದಕ್ಕಿಂತಲೂ ಬಲವಾದ ಸಾಕ್ಷ್ಯವು ಸ್ತ್ರೀಪ್ರತ್ಯಯಪ್ರಕರಣದಲ್ಲಿದೆ. ಉಪಾಧ್ಯಾಯನ ಹೆಂಡತಿಯಾದುದರಿಂದ ಆ ಹೆಸರು ಪಡೆದವಳು 'ಉಪಾಧ್ಯಾಯಾನೀ'. ತಾನೇ ಪಾಠಹೇಳುವವಳು 'ಉಪಾಧ್ಯಾಯಾ'. ಹಾಗೆಯೇ 'ಆಚಾರ್ಯಾನೀ' ಎಂದರೆ ಆಚಾರ್ಯನ ಪತ್ನಿ, 'ಆಚಾರ್ಯಾ' ಎಂದರೆ ಸ್ವತಃ ವ್ಯಾಖ್ಯಾನಮಾಡುವವಳು. 'ಉಪಾಧ್ಯಾಯೀ' ಎಂಬುದು ಎರಡು ಅರ್ಥದಲ್ಲಿಯೂ ಸಲ್ಲುತ್ತದೆ. ಅಮರಸಿಂಹನೂ ಈ ಭೇದವನ್ನು ಮನುಷ್ಯವರ್ಗದಲ್ಲಿ ಹೇಳಿದ್ದಾನೆ. ತಾನೇ ಕಲಿಸುವವಳು ಇಲ್ಲದ ಕಾಲದಲ್ಲಿ ಆಕೆಗೆ ಬೇರೆ ಪದವು ಬೇಕಾಗುತ್ತಿರಲಿಲ್ಲ.

ಇಲ್ಲಿ ನನ್ನ ಸ್ವಂತ ಸಂಗತಿಯೊಂದನ್ನು ಹೇಳುವುದಕ್ಕೆ ವಾಚಕರು ಅನುಮತಿ ಕೊಡಬೇಕು. ನಾನು ಬಾಲ್ಯದಲ್ಲಿ ಓದಿದ ಪಾಠಶಾಲೆಯು ಗುರುಗಳ ಮನೆಯ ಜಗಲಿಯೇ ಆಗಿತ್ತು. ಅಮರವನ್ನು ನಾವು ಸಾಲಾಗಿ ಕುಳಿತು ಗಟ್ಟಿಯಾಗಿ ಒಪ್ಪಿಸುತ್ತಿದ್ದೆವು. ಗುರುಗಳು ಹೊರಗೆ ಹೋದಾಗ ನಾವು ಒಂದು ಪಾದವನ್ನು ಹಾರಿಸಿದರೆ, ಅಡುಗೆಮನೆಯೊಳಗಿನಿಂದ ಅಮ್ಮನವರು ಅದನ್ನು ಹೇಳಿ, ಮತ್ತೆ ಮೊದಲಿಂದ ಹೇಳಿರೆನ್ನುತ್ತಿದ್ದರು. ಮೂರು ಕಾಂಡಗಳೂ ಅವರಿಗೆ ಬಾಯಲ್ಲಿದ್ದುವು. ಯಾರೂ ಕಲಿಸಿರಲಿಲ್ಲ, ಕೇಳಿ ಕೇಳಿ ಬಂದುದು. 'ಉಪಾಧ್ಯಾಯಾನೀ' ಎಂಬ ಪದಕ್ಕೆ ಅರ್ಥವನ್ನು ಕೇಳಿದಾಗ ಗುರುಗಳು ಒಳಗಡೆಗೆ ಕೈತೋರಿಸಿದರು. 'ಉಪಾಧ್ಯಾಯಾ' ಎಂಬ ಪದಕ್ಕೆ, ಹಿಂದಿನ ಕಾಲದಲ್ಲಿ ಇದ್ದರೆಂದು ಹೇಳಿದರು. ಒಳಗೆ ಇದ್ದವರು ಈ ಎರಡನೆಯ ಪದಕ್ಕೂ ಅರ್ಥವಾಗಿದ್ದರೆಂಬುದು ನನಗೆ ತಲೆ ನರೆತ ಮೇಲೆ ಹೊಳೆಯಿತು.

ನಮ್ಮ ಸೀಮೆಯ ಶಾಸನವೊಂದನ್ನೂ ಇಲ್ಲಿ ನೆನೆಯಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ನಾಲ್ಕು ವೇದಗಳೂ ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳೂ ದರ್ಶನಗಳೂ ಕಾವ್ಯನಾಟಕಗಳೂ ವ್ಯಾಖ್ಯಾನಿಸಲ್ಪಡುತ್ತಿದ್ದ ಸ್ಥಾನವೆಂದು ಅದನ್ನು ಹೊಗಳುತ್ತದೆ. ಅದೇ ಸ್ಥಾನವು ಬ್ರಹ್ಮಚರ್ಯನಿಷ್ಠರಾದ ಶೈವತಪಸ್ವಿಗಳ ನೆಲೆಯೆಂದೂ ಹೇಳುತ್ತದೆ. ಅದೇ ತಾಲ್ಲೂಕಿನ ಉಡುತಡಿಯಲ್ಲಿ, ಅದೇ ಶತಮಾನದಲ್ಲಿ, ಮಹಾದೇವಿಯಕ್ಕನು ಹುಟ್ಟಿದಳು. ಆಕೆಯ ವಿದ್ಯೆ ಕೋಡಿಯ ಮಠದ್ದಲ್ಲ. ಆ ಕಾಲದ ಶಿವಶರಣೆಯರಲ್ಲಿ ವಚನಗಳನ್ನು ರಚಿಸಿದವರು ಮೂವತ್ತಕ್ಕೂ ಹೆಚ್ಚು ಮಂದಿ. ಅವರು ಬರೆದುದು ಪಾಠಶಾಲೆಯ ಭಾಷೆಯಲ್ಲಲ್ಲ, ಮನೆಯ ಕನ್ನಡದಲ್ಲಿ.

ಆ ಕನ್ನಡದ ಸ್ವಭಾವವನ್ನೇ ಈಗ ನೋಡೋಣ. ಸಂಸ್ಕೃತದಲ್ಲಿ ಲಿಂಗವು ಶಬ್ದವನ್ನು ಹಿಡಿದುದು. ಹೆಂಡತಿಯೆಂಬರ್ಥದ 'ದಾರ'ಶಬ್ದವು ಪುಲ್ಲಿಂಗ, 'ಕಲತ್ರ'ವು ನಪುಂಸಕ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಡಿದುದು. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕವೆಂಬುದು ಸ್ಥೂಲವಾದ ನಿಯಮ. 'ನಾನು', 'ನೀನು' ಎಂಬಲ್ಲಿ ಲಿಂಗಭೇದವೇ ಇಲ್ಲ. 'ಅವರು ಬಂದರು' ಎಂಬಲ್ಲಿಯೂ ಇಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸ ಮೊದಲುಮಾಡಿದಂದಿನಿಂದ ಭದ್ರಾವತಿಗೆ ನಾನಾ ಭಾಷೆಯ ಸಂಸಾರಗಳು ಬಂದು ನೆಲಸಿವೆ. ಅಲ್ಲಿಯ ತರಗತಿಗಳಲ್ಲಿ ಈ ಭೇದವನ್ನು ತೋರಿಸುವುದು ಬಹಳ ಸುಲಭ. ಉರ್ದುವನ್ನಾಡುವ ಮನೆಯ ಹುಡುಗಿಯು 'ನಾನು ಬರುತ್ತೇನೆ' ಎನ್ನುವಲ್ಲಿಯೇ ತಾನು ಹೆಣ್ಣೆಂದು ಕ್ರಿಯಾಪದದಲ್ಲಿ ಸೂಚಿಸಬೇಕು. ತೆಲುಗಿನ ಮನೆಯಲ್ಲಿ ಏಕವಚನದ ಕ್ರಿಯಾಪದವು ಸ್ತ್ರೀಗೂ ಹಸುವಿಗೂ ಒಂದೇ; ಬಹುವಚನಕ್ಕೆ ಬಂದಾಗ ಮಾತ್ರ ಆಕೆ ಮನುಷ್ಯರ ಸಾಲಿಗೆ ಸೇರುತ್ತಾಳೆ. ಕನ್ನಡವು ಏಕವಚನದಲ್ಲಿ 'ಅವಳು' ಎಂದು ಬೇರೆ ಸ್ಥಾನವನ್ನು ಕೊಟ್ಟು, ಬಹುವಚನದಲ್ಲಿ ಇಬ್ಬರನ್ನೂ ಸಮನಾಗಿ ಕೂಡಿಸಿಕೊಂಡಿದೆ. ನಾನು "ಉತ್ತಮ ವಿದ್ಯಾರ್ಥಿಗಳು ನಸುಕಿನಲ್ಲಿಯೇ ಏಳುತ್ತಾರೆ" ಎಂದು ಬರೆದಿದ್ದರೆ ಪಾಣಿನಿಯನ್ನು ಸಾಕ್ಷಿಗೆ ಕರೆಯಬೇಕಾಗಿಯೇ ಇರಲಿಲ್ಲ.

ಹೀಗೆ ವ್ಯಾಕರಣವು ಉದಾರವಾಗಿದ್ದರೂ ಬಳಕೆಯು ಹಾಗಿಲ್ಲ. ಕೇಶಿರಾಜನು ಒಂಬತ್ತು ಲಿಂಗಗಳನ್ನು ಎಣಿಸಿದ್ದಾನೆ. ಈಗಿನ ಶಾಲಾವ್ಯಾಕರಣಗಳಲ್ಲಿ ಪುನ್ನಪುಂಸಕಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ, 'ಸೂರ್ಯನು ಮೂಡಿದನು, ಸೂರ್ಯ ಮೂಡಿತು'. ಸ್ತ್ರೀನಪುಂಸಕಕ್ಕೆ, 'ಹುಡುಗಿ ಓಡಿದಳು, ಹುಡುಗಿ ಓಡಿತು'. ಅಲ್ಲಿ ಗ್ರಹ, ಇಲ್ಲಿ ಹುಡುಗಿ. 'ಹುಡುಗಿ ಓಡಿತು' ಎಂಬುದು ಮನೆಮಾತಿನಲ್ಲಿ ವಾತ್ಸಲ್ಯದಿಂದ ಬಂದುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವಾತ್ಸಲ್ಯವು ಹೆಣ್ಣಿಗೆ ಮದುವೆಯಾಗುವ ವಯಸ್ಸಿನವರೆಗೂ ಮುಂದುವರಿಯುತ್ತದೆ, 'ಹೆಣ್ಣು ಒಪ್ಪಿತೆ?' ಎಂದು ಕೇಳುವವರು 'ವರನು ಒಪ್ಪಿತೆ?' ಎಂದು ಕೇಳುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಗೌರವಾರ್ಥದ ಬಹುವಚನ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು 'ಅಪ್ಪ ಬಂದರು' ಎನ್ನುತ್ತಾರೆ, 'ಅಮ್ಮ ಬಂದಳು' ಎನ್ನುತ್ತಾರೆ. ಸಲಿಗೆಯೆಂದು ಇದಕ್ಕೆ ಸಮಾಧಾನ ಹೇಳುವುದುಂಟು. ಸಲಿಗೆಯಾದರೆ ಸಂತೋಷವೇ. ಆದರೆ ಗಂಡನು ಹೆಂಡತಿಯನ್ನು 'ಬಾರೆ' ಎಂದು ಕರೆದು, ಹೆಂಡತಿಯು ಗಂಡನ ಹೆಸರನ್ನೂ ಹೇಳದೆ 'ನಮ್ಮ ಯಜಮಾನರು' ಎನ್ನುವಲ್ಲಿ ಸಲಿಗೆಯು ಒಂದೇ ದಿಕ್ಕಿಗೆ ಹರಿಯುತ್ತದೆ. ಯಜಮಾನನೆಂದರೆ ಯಾಗಮಾಡುವವನು, ಅವನ ಜೊತೆಗೆ ಕುಳಿತು ಯಾಗದ ಫಲಕ್ಕೆ ಭಾಗಿನಿಯಾಗುವವಳಿಗೆ ಮಾತ್ರವೇ ಪಾಣಿನಿಯು 'ಪತ್ನೀ' ಎಂಬ ರೂಪವನ್ನು ವಿಧಿಸಿದ್ದಾನೆ. ಇಬ್ಬರ ಹೆಸರೂ ಒಂದೇ ವೇದಿಯಿಂದ ಬಂದುವು. ಒಂದಕ್ಕೆ ಒಡೆತನದ ಅರ್ಥವು ಬೆಳೆಯಿತು, ಇನ್ನೊಂದಕ್ಕೆ ಬೆಳೆಯಲಿಲ್ಲ.

ಈ ಸೂತ್ರದ ಮುಂದಿನದೇ ಇನ್ನೊಂದು ವಿವಾದವನ್ನು ಪರಿಹರಿಸುತ್ತದೆ. 2007ರಲ್ಲಿ ಶ್ರೀಮತಿ ಪ್ರತಿಭಾ ಪಾಟೀಲರು ರಾಷ್ಟ್ರಪತಿಗಳಾದಾಗ, ಸ್ತ್ರೀಯನ್ನು 'ಪತಿ' ಎನ್ನುವುದು ಹೇಗೆಂದು ಪತ್ರಿಕೆಗಳಲ್ಲಿ ಚರ್ಚೆಯೂ ಪರಿಹಾಸವೂ ನಡೆದುವು. ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದ 34ನೆಯ ಸೂತ್ರದಂತೆ, 'ಪತಿ'ಶಬ್ದಕ್ಕೆ ಹಿಂದೆ ಬೇರೊಂದು ಪದವಿದ್ದರೆ ಸ್ತ್ರೀಲಿಂಗದ ಪ್ರತ್ಯಯವು ವಿಕಲ್ಪ. 'ಗೃಹಪತಿಃ' ಎಂದೇ ಸ್ತ್ರೀಯನ್ನು ಹೇಳಬಹುದು. 'ರಾಷ್ಟ್ರಪತಿ', 'ಕುಲಪತಿ' ಎಂಬ ಪದಗಳು ಸ್ತ್ರೀಯರಿಗೆ ಇದ್ದ ಹಾಗೆಯೇ ಸಲ್ಲುತ್ತವೆ. 2022ರಲ್ಲಿ ಶ್ರೀಮತಿ ದ್ರೌಪದಿ ಮುರ್ಮು ಅವರು ಆ ಸ್ಥಾನಕ್ಕೆ ಬಂದಾಗಲಾದರೂ ಪಂಡಿತರು ಇದನ್ನು ಎದ್ದು ಹೇಳಬೇಕಾಗಿತ್ತು. ಕಾಯಿದೆಯವರು ಬಾದರಾಯಣನ ಪಕ್ಷದವರು: 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣದಂತೆ ಪುಲ್ಲಿಂಗಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ.

ಅಚ್ಚಗನ್ನಡದ 'ಗಿತ್ತಿ' ಪ್ರತ್ಯಯಕ್ಕೆ ಈ ಸಂಕಟವಿಲ್ಲ. ಕುಂಬಾರಗಿತ್ತಿಯು ಕುಂಬಾರನ ಹೆಂಡತಿಯೂ ಹೌದು, ಮಣ್ಣು ತುಳಿಯುವವಳೂ ಹೌದು. ಹೂವಾಡಗಿತ್ತಿಯು ಯಾರ ಹೆಂಡತಿಯೆಂದು ಶಿವಮೊಗ್ಗದ ಪೇಟೆಯಲ್ಲಿ ಯಾರೂ ಕೇಳುವುದಿಲ್ಲ. ಸೂಲಗಿತ್ತಿಯಂತೂ ಸ್ವತಂತ್ರಳು, ಪಾವಗಡದ ಕಡೆಯ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ 'ಸೂಲಗಿತ್ತಿ' ಎಂಬುದೇ ಅವರ ಬಿರುದಾಗಿತ್ತು. 'ಉಪಾಧ್ಯಾಯಿನಿ' ಎಂಬ ರೂಪವು ಅಪಾಣಿನೀಯವೆಂದು ಆಕ್ಷೇಪಿಸುವ ಮಿತ್ರರಿದ್ದಾರೆ. ಕನ್ನಡದಲ್ಲಿ ಅದು ತಾನೇ ಕಲಿಸುವವಳೆಂಬ ಅರ್ಥದಲ್ಲಿ ಮಾತ್ರವೇ ರೂಢವಾಗಿರುವುದರಿಂದ, ನಾನು ಅದನ್ನು ಉಳಿಸಿಕೊಳ್ಳುವ ಪಕ್ಷದವನು. 'ಕವಿಯತ್ರಿ'ಯನ್ನು ಮಾತ್ರ ಒಪ್ಪಲಾರೆ. 'ಕವಯಿತ್ರಿ' ಎಂದೇ ಬರೆಯತಕ್ಕದ್ದು.

ಈ ವಿಚಾರಗಳನ್ನೆಲ್ಲ ಬರೆದು, ನನ್ನ ಮೊದಲ ಉತ್ತರವು ತಪ್ಪೆಂದು ಆ ಹುಡುಗಿಗೆ ತಿಳಿಸಬೇಕಾಗಿ ಉಪಾಧ್ಯಾಯಿನಿಯವರಿಗೆ ಪತ್ರ ಹಾಕಿದೆನು. ಅವರು ತಿಳಿಸಿದರು, ಅದರ ಜೊತೆಗೆ ಪರೀಕ್ಷೆಯ ಒಂದು ಪ್ರಶ್ನೆಯನ್ನೂ ತಿರುಗಿಸಿದರು. ಅನ್ಯಲಿಂಗರೂಪಗಳನ್ನು ಬರೆಯಿರೆಂಬ ಪ್ರಶ್ನೆಯಲ್ಲಿ ಯಾವಾಗಲೂ ಅರಸ, ಕವಿ, ವಿದ್ವಾಂಸ, ಗೊಲ್ಲ ಎಂದು ಪುಲ್ಲಿಂಗವನ್ನು ಕೊಟ್ಟು ಸ್ತ್ರೀಲಿಂಗವನ್ನು ಕೇಳುವುದು ವಾಡಿಕೆ. ಅವರು ವಿದುಷಿ, ಗೊಲ್ಲತಿ, ಸೂಲಗಿತ್ತಿ, ಬಂಜೆ, ಮುತ್ತೈದೆ ಎಂದು ಕೊಟ್ಟು ಪುಲ್ಲಿಂಗವನ್ನು ಕೇಳಿದರು. ಮೊದಲೆರಡಕ್ಕೆ ಎಲ್ಲರೂ ಉತ್ತರ ಬರೆದರಂತೆ. ಸೂಲಗಿತ್ತಿಗೆ ಬಹುಮಂದಿ 'ಡಾಕ್ಟರು' ಎಂದು ಬರೆದರು. ಬಂಜೆ ಎಂಬುದರ ಎದುರಿಗೆ ಸ್ಥಳವು ಖಾಲಿಯಾಗಿಯೇ ಉಳಿಯಿತು. ಮುತ್ತೈದೆ ಎಂಬುದರ ಎದುರಿಗೆ ಒಬ್ಬ ಹುಡುಗನು 'ಗಂಡ ಬದುಕಿದ್ದಾನೆ' ಎಂದು ಬರೆದಿದ್ದಾನೆ. ಅವನಿಗೆ ಅಂಕವನ್ನು ಕೊಡಬಹುದೆ ಎಂದು ಅವರು ನನ್ನನ್ನು ಕೇಳಿದ್ದಾರೆ.